ಲಂಗದ ಮೇಲೆ ಉಳಿದ ಕೆಮ್ಮಣ್ಣು

ಸಾಧ್ಯವೇ ಇಲ್ಲ ಎಂದವರು ಇಬ್ಬರು. ಮೊದಲನೆಯವರು ನಮ್ಮ ದೊಡ್ಡಪ್ಪ ಬೋರೇಗೌಡರು. ನಾನು ಕನಕಪುರದಲ್ಲಿ ಬಿ.ಎಸ್ಸಿ. ಸೇರಿದ ದಿನ ಜಗಲಿಯ ಮೇಲೆ ಕೂತು, "ನಮ್ ವಂಶದಾಗೆ ಎಸ್ಸೆಲ್ಸಿ ದಾಟಿದ ಗಂಡಸೇ ಇಲ್ಲ, ಇನ್ನು ಈ ಹೆಣ್ಮಗ ಡಿಗ್ರಿ ಮಾಡ್ತದಾ? ಆಗೋ ಮಾತಲ್ಲ ಬುಡಿ" ಎಂದರು. ಎರಡನೆಯವರು ಬೆಂಗಳೂರಿನ ಆಸ್ಪತ್ರೆಯೊಂದರ ಹಿರಿಯ ನರರೋಗ ವೈದ್ಯರು. ನಾನು ಕೊನೆಯ ವರ್ಷದಲ್ಲಿದ್ದಾಗ ನನ್ನ ಮಂಚದ ಪಕ್ಕದಲ್ಲೇ ನಿಂತು, ತಮ್ಮ ಕೈಕೆಳಗಿನ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಆ ಕಾಯಿಲೆ ನಮ್ಮ ಕಡೆ ಬರುವುದಿಲ್ಲ, ಸಾಧ್ಯವೇ ಇಲ್ಲ ಎಂದರು. ಮಂಚದ ಮೇಲಿರುವ ಹಳ್ಳಿ ಹುಡುಗಿಗೆ ಇಂಗ್ಲಿಷ್ ಅರ್ಥವಾಗುತ್ತದೆ ಎಂದು ಅವರಿಗೆ ಅನಿಸಿರಲಿಲ್ಲ.

ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಅಲ್ಲಿಯವರೆಗೆ ತಾವು ಕಂಡದ್ದನ್ನು ಹೇಳಿದರು, ಅಷ್ಟೆ.

ಆ ಕಾಯಿಲೆಯ ಹೆಸರು ಲೈಮ್. ರಕ್ತ ಹೀರುವ ಉಣ್ಣೆ ಕಚ್ಚಿ ಬರುತ್ತದೆ. ನನ್ನಲ್ಲಿ ಅದು ನರಗಳಿಗೆ ಹತ್ತಿತ್ತು. ಪುಸ್ತಕದಲ್ಲಿರುವುದನ್ನು ನಾನು ಮತ್ತೆ ಬರೆಯುವುದಿಲ್ಲ, ಬೇಕಾದವರು ಓದಿಕೊಳ್ಳಬಹುದು. ಇದನ್ನು ಬರೆಯಲು ಕಾರಣ ಬೇರೆ. ಇಂದಿಗೂ ಯಾರಾದರೂ ಸೊಟ್ಟಗಾದ ಬಾಯಿಗೆ ಟವೆಲ್ ಮುಚ್ಚಿಕೊಂಡು ಬಸ್ಸಿನಲ್ಲಿ ಕೂತಿರುವುದನ್ನು ಕಂಡರೆ ಹೋಗಿ ಪಕ್ಕದಲ್ಲಿ ಕೂರಬೇಕೆನಿಸುತ್ತದೆ. ಎಲ್ಲ ಬಸ್ಸಲ್ಲೂ ನಾನು ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕೋಡಿಹಳ್ಳಿಯಿಂದ ಕಾಡಿನ ಕಡೆಗೆ ಸರಿದ ಸಣ್ಣ ಊರು. ಒಂದೇ ಹೆಂಚಿನ ಸೂರಿನಡಿ ನಾವು, ದನ, ರೇಷ್ಮೆ ಹುಳ. ಮೂವರಲ್ಲಿ ಹುಳಕ್ಕೇ ಮರ್ಯಾದೆ ಹೆಚ್ಚು. ಹುಳ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳದ ಮನೆಯ ಹತ್ತಿರ ಯಾವ ಔಷಧಿಯ ಗಾಳಿಯೂ ಸುಳಿಯಬಾರದು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಜಿರಳೆ ಪುಡಿ ಹಾಕುವಂತಿಲ್ಲ. ಒಮ್ಮೆ ಮದುವೆಯಿಂದ ಸೆಂಟು ಹಾಕಿಕೊಂಡು ಬಂದ ದೊಡ್ಡಪ್ಪನನ್ನು ಅಜ್ಜಿ ಬಾಗಿಲಲ್ಲೇ ತಡೆದು, "ಮೈ ತೊಳ್ಕಂಡು ಬಾರ್ಲಾ, ಮದಲಿಂಗ" ಎಂದು ಅಟ್ಟಿದ್ದಳು. ಆಗ ಆ ಮದುಮಗನಿಗೆ ಐವತ್ತೈದು ದಾಟಿತ್ತು.

ದನದ ಆಸ್ಪತ್ರೆಯಲ್ಲಿ ಉಣ್ಣೆಗೆಂದು ಔಷಧಿ ಕೊಡುತ್ತಾರೆ. ಅದನ್ನು ದನದ ಮೈಗೆ ಹಚ್ಚಿದರೆ ಪಕ್ಕದ ಕೋಣೆಯ ಹುಳ ಬೆಳಗಾಗುವುದರೊಳಗೆ ತಟ್ಟೆಯಲ್ಲೇ ಮುದುರಿ ಸಾಯುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ಉಣ್ಣೆಯನ್ನು ಕೈಯಲ್ಲೇ ಬಿಡಿಸುವ ರೂಢಿ. ಅದು ನನ್ನ ಪಾಲಿನ ಕೆಲಸ. ಕಾಲೇಜಿನಿಂದ ಬಂದು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಕರಟದಲ್ಲಿ ಬಿಸಿ ಬೂದಿ ಇಟ್ಟುಕೊಂಡು ಕೂರುತ್ತಿದ್ದೆ. ದನದ ಕಿವಿಯ ಸಂದಿ, ಕೆಚ್ಚಲ ಬುಡ, ಬಾಲದ ಅಡಿ. ಕಿತ್ತದ್ದೆಲ್ಲ ಬೂದಿಗೆ.

ಮೂರು ದನ ಇದ್ದಾಗ ಅದು ಕಷ್ಟವಲ್ಲ. ಆದರೆ ನನ್ನ ಡಿಗ್ರಿಯ ಕೊನೆಯ ವರ್ಷ ಹಾರೋಹಳ್ಳಿ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆಯ ಊರಿನಲ್ಲಿ ಗೋಮಾಳ ಕಾರ್ಖಾನೆಗೆ ಹೋಯಿತು. ಮೇಯುವ ಜಾಗಕ್ಕೆ ಕಲ್ಲುಕಂಬ ನೆಟ್ಟರು. ಅತ್ತೆಯ ನಾಲ್ಕು ದನ ಲಾರಿ ಹತ್ತಿ ನಮ್ಮ ಕೊಟ್ಟಿಗೆಗೆ ಬಂದವು. ಊರ ಸುತ್ತ ಏಳಕ್ಕೆ ಸಾಲುವಷ್ಟು ಮೇವಿಲ್ಲ. ಅಪ್ಪ ಕಾಡಂಚಿಗೆ ಹೊಡೆದುಕೊಂಡು ಹೋಗತೊಡಗಿದ. ಸಂಜೆ ಬರುವಾಗ ಅವುಗಳ ಮೈಯೆಲ್ಲ ಉಣ್ಣೆ. ದೊಡ್ಡವು ಹುಣಸೆ ಬೀಜದಷ್ಟು, ಸಣ್ಣವು ಗಸಗಸೆಯಷ್ಟು. ಸಣ್ಣದೊಂದನ್ನು ಕಾಗದದಲ್ಲಿ ಮಡಚಿ ಕಾಲೇಜಿಗೆ ಒಯ್ದು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದ್ದೆ. ಎಂಟು ಕಾಲು. ಅದು ಜೇಡದ ನೆಂಟ ಎಂದು ಗೊತ್ತಾದಾಗ ಎಷ್ಟು ಖುಷಿಯಾಯಿತೆಂದರೆ ಸಂಜೆ ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಅಜ್ಜಿ, "ಜೇಡನಾದ್ರೂ ಬಲೆ ಕಟ್ಕಂಡು ತಿನ್ತದೆ, ಇದು ಕೂತ ಜಾಗದಲ್ಲೇ ತಿನ್ತದೆ" ಎಂದಳು.

ನನಗೆ ಆ ಡಿಗ್ರಿ ಎಷ್ಟು ಬೇಕಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ದೊಡ್ಡಪ್ಪ ಮನೆಯ ಯಜಮಾನರು. ನನ್ನನ್ನು ಕಾಲೇಜಿಗೆ ಕಳಿಸಲು ಒಪ್ಪಿದಾಗ ಅಪ್ಪನಿಗೆ ಒಂದು ಮಾತು ಹಾಕಿದ್ದರು: ಒಂದೇ ಒಂದು ವರ್ಷ ಫೇಲಾದರೂ ಓದು ಬಿಟ್ಟು ಗಾರ್ಮೆಂಟ್ಸ್ ವ್ಯಾನು ಹತ್ತಬೇಕು. ಆ ವ್ಯಾನು ದಿನಾ ಬೆಳಗ್ಗೆ ಕೋಡಿಹಳ್ಳಿ ಸ್ಟ್ಯಾಂಡಿಗೆ ಬರುತ್ತಿತ್ತು. ನನ್ನ ಜೊತೆ ಎಸ್ಸೆಲ್ಸಿ ಓದಿದ ಎಲ್ಲ ಹುಡುಗಿಯರೂ ಅದರೊಳಗಿದ್ದರು. ನನ್ನ ಬಸ್ಸು ಬರುವುದು ತಡ. ಅವರು ಕಿಟಕಿಯಿಂದ, "ಏನೇ ಡಾಕ್ಟ್ರೇ, ಕಪ್ಪೆ ಕುಯ್ದಾಯ್ತಾ?" ಎಂದು ಕೂಗಿ ಹೋಗುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ದಿನ ಬಚ್ಚಲಲ್ಲಿ ಬೆನ್ನುಜ್ಜುತ್ತಿದ್ದ ಅವ್ವ ಕೈ ನಿಲ್ಲಿಸಿ, "ಇದೇನೇ ಇದು, ಕೆಂಪು ಬಳೆ ಇಟ್ಟಂಗೈತೆ?" ಎಂದಳು. ಎಡಗಡೆ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ. ನೋವಿಲ್ಲ, ತುರಿಕೆಯಿಲ್ಲ. ಅಜ್ಜಿ ಬಂದು ಬಗ್ಗಿ ನೋಡಿದಳು.

ನಮ್ಮಜ್ಜಿ ಸುತ್ತಲ ಊರಿಗೆಲ್ಲ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವವಳು. ಸರ್ಪಸುತ್ತೆಂದರೆ ಹಾವಿನ ಹಾಗೆ ಸೊಂಟ ಬಳಸಿಕೊಂಡು ಏಳುವ ಉರಿಗುಳ್ಳೆ. ಅದರ ತಲೆ ಬಾಲ ಕೂಡಿದರೆ ಆ ಮನುಷ್ಯ ಉಳಿಯುವುದಿಲ್ಲ ಎಂದು ನಂಬಿಕೆ. ನನ್ನ ಮೈ ಮೇಲಿದ್ದದ್ದು ಪೂರ್ತಿ ಮುಚ್ಚಿಕೊಂಡ ಉಂಗುರ.

"ಕೂಡ್‌ಬುಟ್ಟೈತೆ ಕಣೇ" ಎಂದಳು ಅಜ್ಜಿ, ಅವ್ವನ ಕಡೆಗೆ ದನಿ ತಗ್ಗಿಸಿ.

"ಹುಳಕಡ್ಡಿ ಇರ್ಬೇಕು ಅಜ್ಜಿ" ಎಂದೆ ನಾನು.

"ಇದ್ನ ಕಾಲೇಜ್ನಾಗೆ ಓದಿದ್ದೀಯಾ?"

"ಇಲ್ಲ."

"ಮತ್ತೆ ಸುಮ್ನೆ ಕೂತ್ಕ."

ಕೆಮ್ಮಣ್ಣನ್ನು ಗರಿಕೆ ರಸದಲ್ಲಿ ತೇಯ್ದು ಉಂಗುರದ ಸುತ್ತ ಗೆರೆ ಎಳೆದಳು. ದಿನವೂ ಬೆಳಗ್ಗೆ ಹಳೆಯ ಗೆರೆಯ ಮೇಲೆ ಹೊಸ ಗೆರೆ. ಉಂಗುರ ದಿನದಿಂದ ದಿನಕ್ಕೆ ಹಿಗ್ಗುತ್ತಿತ್ತು, ಅಜ್ಜಿಯ ಗೆರೆಯೂ ಹಿಗ್ಗುತ್ತಿತ್ತು. ಕೆಮ್ಮಣ್ಣು ಲಂಗಕ್ಕೆ ಹತ್ತಿ, ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ. ಅಜ್ಜಿ ಒಂದು ಕಟ್ಟಪ್ಪಣೆ ಮಾಡಿದ್ದಳು: ಡಾಕ್ಟರ ಹತ್ತಿರ ಇದರ ಸುದ್ದಿ ಎತ್ತಬಾರದು. "ಸೂಜಿ ಚುಚ್ಚುದ್ರೆ ಸರ್ಪ ಒಳಕ್ಕೆ ಇಳಿತದೆ."

ಒಂದು ತಿಂಗಳಲ್ಲಿ ಉಂಗುರ ಮಾಯವಾಯಿತು. ಅಜ್ಜಿಯ ಹೆಸರು ಇನ್ನೂ ನಾಲ್ಕು ಊರಿಗೆ ಹಬ್ಬಿತು.

ಕಾರ್ತಿಕ ಮುಗಿಯುವ ಹೊತ್ತಿಗೆ ಬೆನ್ನಲ್ಲಿ ನೋವು ಶುರುವಾಯಿತು. ಮೂಳೆಯ ನೋವಲ್ಲ, ಹುಣ್ಣಿನದೂ ಅಲ್ಲ. ಕರೆಂಟಿನ ತಂತಿ ಒಳಗೆ ಹರಿದಾಡಿದ ಹಾಗೆ. ಇವತ್ತು ಹೆಗಲಿಗೆ, ನಾಳೆ ಪಕ್ಕೆಗೆ, ನಾಡಿದ್ದು ತೊಡೆಗೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡುವ ಕುತೂಹಲಕ್ಕೆ ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಮನುಷ್ಯನ ಚಿತ್ರ ಬರೆದು ದಿನಾ ಗುರುತು ಹಾಕಿದೆ. ಚಿತ್ರ ತುಂಬಿತು, ದಾರಿ ಮಾತ್ರ ತಿಳಿಯಲಿಲ್ಲ. ಕನಕಪುರದ ಕ್ಲಿನಿಕ್ಕಿನಲ್ಲಿ ರಕ್ತ ಕಮ್ಮಿ ಎಂದು ಇಂಜೆಕ್ಷನ್ ಕೊಟ್ಟರು.

ಆಮೇಲೆ ಒಂದು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸೋರಿತು. ಮತ್ತೆ ತುಂಬಿದೆ, ಮತ್ತೆ ಸೋರಿತು. ಹಿಪ್ಪನೇರಳೆ ಸೊಪ್ಪಿನ ಮಂಕರಿ ಹೊತ್ತು ಬರುತ್ತಿದ್ದ ಅವ್ವ ನನ್ನ ಮುಖ ನೋಡಿ ಮಂಕರಿಯನ್ನು ಅಲ್ಲೇ ಬಿಟ್ಟಳು. ನಮ್ಮ ಮನೆಯಲ್ಲಿ ಸೊಪ್ಪು ನೆಲಕ್ಕೆ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕನ್ನಡಿಯಲ್ಲಿ ಬಲಗಡೆ ನಾನಿದ್ದೆ. ಎಡಗಡೆ ಯಾರೋ ನಿದ್ದೆ ಹೋದವರು, ಆದರೆ ಕಣ್ಣು ತೆರೆದುಕೊಂಡೇ. ರೆಪ್ಪೆ ಮುಚ್ಚುತ್ತಿರಲಿಲ್ಲ. ಹುಬ್ಬು ಏರಿಸಿದರೆ ಒಂದೇ ಏರುತ್ತಿತ್ತು. ಎರಡು ದಿನ ಅತ್ತೆ. ಮೂರನೆಯ ದಿನ ಅಳುವಾಗ ಎಡಗಣ್ಣಿನ ನೀರು ಕೆನ್ನೆಗೆ ಇಳಿಯದೆ ರೆಪ್ಪೆಯಂಚಿನಲ್ಲೇ ನಿಲ್ಲುವುದು ಕಂಡು, ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾ ಅಳು ಮರೆತೆ. ತುಟಿ ಕೂಡಿಸಿ ಹೇಳುವ ಅಕ್ಷರಗಳೆಲ್ಲ ಕೈಕೊಟ್ಟಿದ್ದವು. ಪ, ಬ, ಮ. ನನ್ನ ಹೆಸರು ಭಾಗ್ಯ. ಬಸ್ಸಿನಲ್ಲಿ ಯಾರಾದರೂ ಹೆಸರು ಕೇಳಿದರೆ ಅವ್ವನ ಮುಖ ನೋಡುತ್ತಿದ್ದೆ.

ಊರವರೆಲ್ಲ ಗಾಳಿ ಹೊಡೆದಿದೆ ಎಂದರು. ಅವ್ವ ಕಬ್ಬಾಳಿಗೆ ಕರೆದುಕೊಂಡು ಹೋಗಿ ಅಮ್ಮನಿಗೆ ಹರಕೆ ಕಟ್ಟಿದಳು. ದೊಡ್ಡಪ್ಪ ಸಾತನೂರಿನಿಂದ ಎರಡು ಪಾರಿವಾಳ ತಂದರು. ಪಾರಿವಾಳದ ಸಾರು ಕುಡಿದರೆ ಮುಖ ನೆಟ್ಟಗಾಗುತ್ತದಂತೆ. ಎದುರಿಗೇ ಕೂತು, "ಒಸಿ ಬಿಸಿಯಾಗೇ ಕುಡಿ ಮಗಾ" ಎಂದರು. ಸಾರು ಚೆನ್ನಾಗಿತ್ತು. ಅರ್ಧ ಎಡಗಡೆಯಿಂದ ಹೊರಗೆ ಬಂತು. ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ನನ್ನ ಗಲ್ಲ ಒರೆಸಿದರು. ಆ ಮನುಷ್ಯ ನನ್ನನ್ನು ಮುಟ್ಟಿ ಮಾತಾಡಿಸಿದ್ದು ಚಿಕ್ಕಂದಿನ ಮೇಲೆ ಅದೇ ಮೊದಲು.

ಕೊನೆಗೆ ಬೆಂಗಳೂರಿನ ಆಸ್ಪತ್ರೆ. ಅಲ್ಲಿ ಚೀಟಿ ಹಿಡಿದು ಕಾಯುವ ಉದ್ದನೆಯ ಹಜಾರವಿದೆ. ಅಪ್ಪ ಗೋಡೆಗೆ ಒರಗಿ ನಿಂತ, ಅವ್ವ ಚಿತ್ರಾನ್ನದ ಬುತ್ತಿ ಬಿಚ್ಚಿದಳು. ನಾನು ವೇಲ್ ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿ ಚನ್ನಪಟ್ಟಣದ ಗೊಂಬೆ ಕೆಲಸದವರೊಬ್ಬರು ಕೂತಿದ್ದರು. ಅವರ ಬಲಗೈ ನಡುಗುತ್ತಿತ್ತು. "ನಿನ್ಗೆ ಯಾವ ಕಡೆ ಮಗಾ, ಎಡಕ್ಕಾ ಬಲಕ್ಕಾ?" ಎಂದು ನೇರವಾಗಿ ಕೇಳಿದರು. ಅಷ್ಟು ದಿನದಲ್ಲಿ ನೋಟ ತಪ್ಪಿಸದೆ ಕೇಳಿದ ಮೊದಲ ಮನುಷ್ಯ. ವೇಲ್ ತೆಗೆದು ತೋರಿಸಿದೆ. ಅವರು ಚೆನ್ನಾಗಿ ನೋಡಿ, "ನಂದು ಒಂದು ವಿಚಿತ್ರ ಕೇಳು. ಉಳಿ ಹಿಡಿದು ಲೇತ್ ಮುಂದೆ ಕೂತ್ರೆ ನಡುಗಾಕಿಲ್ಲ. ಸುಮ್ನೆ ಕೂತ್ರೆ ನಡುಗ್ತದೆ. ಈ ಕೈಗೆ ನಾನು ಸುಮ್ನೆ ಕೂರೋದು ಇಷ್ಟ ಇಲ್ಲ" ಎಂದು ನಕ್ಕರು. ನಾನೂ ನಕ್ಕೆ, ಅರ್ಧ ಮುಖದಲ್ಲಿ. ಚಿತ್ರಾನ್ನ ನಾಲ್ವರಿಗೂ ಸಾಲಿತು.

ಹಿರಿಯ ಡಾಕ್ಟರು ಸುತ್ತಿಗೆಯಿಂದ ಮಂಡಿ ತಟ್ಟಿದರು, ಅಂಗಾಲು ಗೀರಿದರು, ನೂರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದು: "ಎರಡು ಮೂರು ತಿಂಗಳ ಹಿಂದೆ ಮೈ ಮೇಲೆ ಏನಾದರೂ ಕೆಂಪಗೆ ಎದ್ದಿತ್ತಾ? ಕಲೆ, ಗುಳ್ಳೆ?"

"ಇಲ್ಲ ಸರ್" ಎಂದೆ.

ಈ ಸುಳ್ಳಿಗೆ ಅಜ್ಜಿ ಕಾರಣ ಎಂದು ಬಹಳ ದಿನ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅಜ್ಜಿ ಕಾರಣಳಲ್ಲ. ಸೂಜಿ ಚುಚ್ಚಿದರೆ ಸರ್ಪ ಒಳಗಿಳಿಯುತ್ತದೆ ಎಂದು ನಾನು ನಂಬಿರಲಿಲ್ಲ. ಡಾಕ್ಟರು ಆಗಷ್ಟೇ, "ಏನು ಓದ್ತಿದ್ದೀಯಮ್ಮ?" ಎಂದು ಕೇಳಿದ್ದರು. "ಬಿ.ಎಸ್ಸಿ. ಫೈನಲ್ ಇಯರ್, ಝೂವಾಲಜಿ" ಎಂದು ತೊದಲುತ್ತಲೇ ಎದೆಯುಬ್ಬಿಸಿ ಹೇಳಿದ್ದೆ. ಅವರು ತಲೆದೂಗಿದ್ದರು. ಅದಾದ ಮರುಕ್ಷಣ ಸೊಂಟಕ್ಕೆ ಕೆಮ್ಮಣ್ಣು ಬರೆಸಿಕೊಂಡಿದ್ದೆ ಎನ್ನಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಆ ಹಮ್ಮು ನನ್ನನ್ನು ಕಾಲೇಜಿಗೆ ಒಯ್ದಿತ್ತು. ಅದೇ ಹಮ್ಮು ನನ್ನ ಬಾಯಿಯನ್ನೂ ಕಟ್ಟಿತು. ಅವ್ವ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಮಾತ್ರೆ ಕೊಟ್ಟು, ಮುಖ ತಾನಾಗಿ ಸರಿಹೋಗಬಹುದು ಎಂದು ಕಳಿಸಿದರು. ಮುಖ ಸರಿಹೋಗಲಿಲ್ಲ. ಅದರ ಬದಲು ಮಾತು ಹೋಗತೊಡಗಿತು.

ಮೊದಲು ಹೋದದ್ದು ಒಂದು ದನದ ಹೆಸರು. ಅತ್ತೆಯ ಮನೆಯಿಂದ ಬಂದ ಕೆಂದ ಹಸು. ಕೊಟ್ಟಿಗೆಯಲ್ಲಿ ಅದರ ಕುತ್ತಿಗೆ ನೇವರಿಸುತ್ತಾ ನಿಂತಿದ್ದೇನೆ, ಹೆಸರು ಬರುತ್ತಿಲ್ಲ. ಸುಣ್ಣದ ಕಡ್ಡಿಯಿಂದ ಏಳು ದನದ ಹೆಸರನ್ನೂ ಅವ್ವನ ಹತ್ತಿರ ಕೇಳಿ ಗೋಡೆಯ ಮೇಲೆ ಬರೆದಿಟ್ಟೆ. ಆಮೇಲೆ ಪ್ರಾಕ್ಟಿಕಲ್ ದಿನ, ಮೂರು ವರ್ಷ ಕಣ್ಣಿಟ್ಟು ನೋಡಿದ ಆ ಯಂತ್ರ ಮುಂದಿದೆ, ಗಾಜಿನ ಪಟ್ಟಿ ಕೈಯಲ್ಲಿದೆ, ಯಂತ್ರದ ಹೆಸರು ಬರಲಿಲ್ಲ. "ಅದು, ದೊಡ್ಡದಾಗಿ ತೋರಿಸುತ್ತಲ್ಲ, ಅದು" ಎಂದೆ. ಮೇಡಂ ತಮಾಷೆ ಎಂದುಕೊಂಡು ನಕ್ಕರು.

ಆವತ್ತು ನನಗೆ ನಿಜವಾದ ಭಯ ಹುಟ್ಟಿತು. ಸೊಟ್ಟ ಮುಖದಲ್ಲಿ ಪರೀಕ್ಷೆ ಬರೆಯಬಹುದು, ನೋವು ನುಂಗಿಕೊಂಡೂ ಬರೆಯಬಹುದು. ತಲೆಯೇ ಖಾಲಿಯಾದರೆ ಯಾವುದರಿಂದ ಬರೆಯುವುದು? ಪರೀಕ್ಷೆಗೆ ಮೂರು ತಿಂಗಳಿತ್ತು. ಅಂದಿನಿಂದ ದಿನಾ ಎದ್ದ ಕೂಡಲೇ ಪ್ರಾಣಿವರ್ಗಗಳ ಹೆಸರನ್ನು ಒಂದಾದ ಮೇಲೊಂದು ಬರೆಯುವುದು, ಎಷ್ಟು ತಪ್ಪಿದವು ಎಂದು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಗುರುತು ಮಾಡುವುದು. ತಪ್ಪು ಹೆಚ್ಚುತ್ತಿದ್ದವು. ಪುಸ್ತಕವನ್ನು ಯಾರಿಗೂ ತೋರಿಸಲಿಲ್ಲ. ಅಪ್ಪ ಒಂದು ದಿನ ಅದನ್ನು ತಿರುವಿ ನೋಡಿದ. ಅವನಿಗೆ ಓದಲು ಬಾರದು, ಆದರೆ ಕೆಂಪು ಇಂಕು ಹಾಳೆಯಿಂದ ಹಾಳೆಗೆ ಹೆಚ್ಚುತ್ತಿರುವುದು ಕಂಡಿತು. ಮಾರನೆಯ ದಿನವೇ ಬೆಂಗಳೂರಿಗೆ ಹೊರಡಿಸಿದ.

ಈ ಸಲ ಸೇರಿಸಿಕೊಂಡರು. ಬೆನ್ನುಹುರಿಯಿಂದ ನೀರು ತೆಗೆಯಬೇಕು ಎಂದರು. ಬಂದವರು ಕಿರಿಯ ಡಾಕ್ಟರ್, ನನಗಿಂತ ಏಳೆಂಟು ವರ್ಷ ದೊಡ್ಡವರು. ನೈಟಿಯ ಒಳಗೆ ನಾನು ಮನೆಯ ಲಂಗವನ್ನೇ ಉಟ್ಟಿದ್ದೆ. ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಹೊಟ್ಟೆಗೆ ತರಿಸಿ, ಲಾಡಿ ಸಡಿಲಿಸಿದ ಅವರ ಕೈ ನಿಂತಿತು.

"ಇದೇನು, ರಕ್ತನಾ?"

"ಅಲ್ಲ ಮೇಡಂ, ಹಳೇ ಕಲೆ."

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕೆಮ್ಮಣ್ಣು."

ನಾನು ಮಂಡಿಯನ್ನು ಇನ್ನಷ್ಟು ಹೊಟ್ಟೆಗೆ ಎಳೆದುಕೊಂಡೆ.

"ನಮ್ಮೂರು ಮಾಗಡಿ ಹತ್ರ. ನಮ್ಮಜ್ಜಿ ಮುತ್ತುಗದ ಎಲೇಲಿ ಕಟ್ಟಿ ಗೋಡೆ ಮಾಡದೊಳಗೆ ಇಟ್ಟಿರೋಳು. ಸರ್ಪಕ್ಕೆ ಹಚ್ಚಿದ್ದಾ?"

"ಹ್ಞೂಂ."

"ಮೈ ಮೇಲೆ ಏನೂ ಆಗಿರಲಿಲ್ಲ ಅಂತ ಫೈಲಲ್ಲಿ ಬರೆದಿದೆಯಲ್ಲ?"

ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದದ್ದು ಒಳ್ಳೆಯದಾಯಿತು. ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ. ಅವರು ಬೈಯಲಿಲ್ಲ. ಸೂಜಿ ಹಾಕಿ, ನೀರು ತೆಗೆದು, ಅಂಗಾತ ಮಲಗಿಸಿ, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ನೀರುಗುಳ್ಳೆ ಇತ್ತಾ?"

"ಇಲ್ಲ."

"ಉರಿ?"

"ಇಲ್ಲ."

"ಹಾಗಾದ್ರೆ ಅದು ಸರ್ಪಸುತ್ತಲ್ಲ ಬಿಡು. ಝೂವಾಲಜಿ ಅಂದೆಯಲ್ಲ, ಚಿತ್ರ ಬರೆಯೋಕೆ ಬರುತ್ತೆ ತಾನೇ? ಬರೆದು ತೋರಿಸು."

ಕೇಸ್ ಹಾಳೆಯ ಹಿಂಬದಿಯಲ್ಲಿ, ಮಲಗಿಕೊಂಡೇ ಬರೆದೆ. ಹೊರಗೆ ಗಾಢ ಉಂಗುರ, ಒಳಗೆ ತಿಳಿ, ನಡುವೆ ಒಂದು ಚುಕ್ಕೆ. ರೆಕಾರ್ಡಿನಲ್ಲಿ ಮಾಡುವ ಹಾಗೆ ಚುಕ್ಕೆ ಇಟ್ಟು ನೆರಳು ತುಂಬಿದೆ. ಪಕ್ಕದಲ್ಲಿ ಅಳತೆ: ಮೊದಲು ಬಳೆಯಷ್ಟು, ಹದಿನೈದು ದಿನಕ್ಕೆ ಊಟದ ತಟ್ಟೆಯ ಒಳಸುತ್ತಿನಷ್ಟು. ಅವರು ಹಾಳೆ ಹಿಡಿದು ಬಹಳ ಹೊತ್ತು ನೋಡಿದರು.

"ಮನೇಲಿ ದನ ಇದಾವಾ?"

"ಏಳು."

"ಉಣ್ಣೆ?"

"ನಾನೇ ಬಿಡ್ಸೋದು. ಕೈಯಲ್ಲಿ."

"ಔಷಧಿ ಹಚ್ಚೋದಲ್ವಾ?"

"ಹುಳ ಸಾಕ್ತೀವಿ ಮೇಡಂ."

"ಓಹೋ" ಎಂದರು. ಬೇರೆ ಊರಿನವರಾಗಿದ್ದರೆ ಅಲ್ಲಿಂದ ಅರ್ಧ ಗಂಟೆ ವಿವರಿಸಬೇಕಿತ್ತು. "ನಿನಗೆ ಯಾವತ್ತಾದ್ರೂ ಕಚ್ಚಿತ್ತಾ?"

"ಉಣ್ಣೆ ದನಕ್ಕಲ್ವಾ ಕಚ್ಚೋದು" ಎಂದೆ. ಹೇಳಿದ ಮೇಲೆ, ಮೈಕ್ರೋಸ್ಕೋಪಿನಡಿ ಅದರ ಬಾಯಿಯ ಮುಳ್ಳನ್ನೂ ನೋಡಿದ್ದ ನನಗೆ ನನ್ನ ಮಾತೇ ವಿಚಿತ್ರವಾಗಿ ಕೇಳಿತು.

ಆ ಸಂಜೆಯೇ ಹಿರಿಯರು ಮಂಚದ ಪಕ್ಕ ನಿಂತು, ಲೈಮ್ ಸಾಧ್ಯವೇ ಇಲ್ಲ ಎಂದದ್ದು. ಕಿರಿಯರು ಹಾಳೆಯನ್ನು ಮುಂದೆ ಹಿಡಿದು, ಒಂದು ಸಲ ಪರೀಕ್ಷೆಗೆ ಕಳಿಸಿ ನೋಡೋಣ ಸರ್ ಎಂದರು. ಹಿರಿಯರು ಚಿತ್ರ ನೋಡಿದರು, ನನ್ನನ್ನು ನೋಡಿದರು. ಕಳಿಸಿ ಎಂದರು. ರಕ್ತ ಮತ್ತು ಬೆನ್ನಿನ ನೀರು ಬೇರೆ ಊರಿಗೆ ಹೋದವು.

ಉತ್ತರ ಬರಲು ಹನ್ನೊಂದು ದಿನ. ಅವ್ವ ವರಾಂಡದಲ್ಲಿ ಇಡೀ ವಾರ್ಡಿನ ನೆಂಟಳಾದಳು. ನಾನು ಕಾಯುವುದು ಹೇಗೆಂದು ಹುಳದಿಂದ ಕಲಿತದ್ದನ್ನು ನೆನೆಸಿಕೊಳ್ಳುತ್ತಿದ್ದೆ. ಪೊರೆ ಬಿಡುವ ಮೊದಲು ಹುಳ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಮ್ಮನೆ ಬಿಡಬೇಕು. ಅವ್ವನಿಗೂ ಅದು ಗೊತ್ತಿತ್ತೋ ಏನೋ, ಆ ಹನ್ನೊಂದು ದಿನ ಒಮ್ಮೆಯೂ ಹೇಗಿದ್ದೀಯ ಎಂದು ಕೇಳಲಿಲ್ಲ.

ಹನ್ನೆರಡನೆಯ ದಿನ ಹಿರಿಯರು ಒಬ್ಬರೇ ಬಂದರು. ಕನ್ನಡದಲ್ಲಿ ಮಾತಾಡಿದರು. "ಇಲ್ಲಿ ಇಲ್ಲ ಅಂತ ಹೇಳಿದ್ದೆ. ಇದೆ ಕಣಮ್ಮ. ನೀನೂ ಮೈ ಮೇಲೆ ಏನೂ ಇಲ್ಲ ಅಂದೆ, ನಾನೂ ಇಲ್ಲ ಅಂದೆ. ಇಬ್ಬರ ತಪ್ಪೂ ಸಮ ಆಯ್ತು." ಆಮೇಲೆ ಫೈಲಿನಿಂದ ನನ್ನ ಹಾಳೆ ತೆಗೆದು, "ಆ ಚಿತ್ರ ನಾನು ಇಟ್ಕೊಳ್ಳಲಾ? ಪಾಠ ಮಾಡುವಾಗ ಬೇಕು" ಎಂದರು.

ಇಪ್ಪತ್ತೆಂಟು ದಿನ, ದಿನಕ್ಕೊಂದು ಸಲ ನರಕ್ಕೆ ಆಂಟಿಬಯಾಟಿಕ್. ಮೊದಲ ದಿನ ಚಳಿ ಬಂದು ಮಂಚ ಅಲ್ಲಾಡಿತು. ಔಷಧಿ ಕೆಲಸ ಶುರು ಮಾಡಿದರೆ ಹಾಗಾಗುವುದುಂಟು ಎಂದರು ಮಾಗಡಿಯ ಡಾಕ್ಟರು. ವಾರದ ನಂತರ ಉಳಿದದ್ದನ್ನು ಕನಕಪುರದ ನರ್ಸಿಂಗ್ ಹೋಮಿನಲ್ಲಿ ಹಾಕಿಸಿಕೊಳ್ಳಲು ಬರೆದುಕೊಟ್ಟರು. ಕೈಗೆ ಸೂಜಿ ಕಟ್ಟಿಕೊಂಡೇ ಬಸ್ಸಿನಲ್ಲಿ ಓಡಾಡಿದೆ. ಗಾರ್ಮೆಂಟ್ಸ್ ವ್ಯಾನಿನ ಹುಡುಗಿಯರು ಈಗ ಕೂಗುತ್ತಿರಲಿಲ್ಲ. ಒಂದು ದಿನ ಅವರಲ್ಲೊಬ್ಬಳು ವ್ಯಾನಿಳಿದು ಬಂದು, ತುಂಡು ಬಟ್ಟೆಯಲ್ಲಿ ಹೊಲಿದ ಮೆತ್ತನೆಯ ಪಟ್ಟಿಯೊಂದನ್ನು ನನ್ನ ಮಣಿಕಟ್ಟಿಗೆ ಹಾಕಿ, "ಸೂಜಿ ಕಾಣಾಕಿಲ್ಲ ನೋಡು ಈಗ" ಎಂದು ಓಡಿ ಹೋಗಿ ವ್ಯಾನು ಹತ್ತಿದಳು.

ನರ್ಸಿಂಗ್ ಹೋಮಿನ ಸಿಸ್ಟರ್ ಬಾಟಲಿ ಏರಿಸಿ, "ಓದ್ಕೋ, ಮುಗಿದಾಗ ಬತ್ತೀನಿ" ಎನ್ನುತ್ತಿದ್ದರು. ಹನಿ ಬೀಳುವಷ್ಟು ಹೊತ್ತು ಓದು. ಹೊಟ್ಟೆ ಕೆಟ್ಟಿತು, ಬಾಯಿ ಕಹಿಯಾಯಿತು. ದಿನಾ ಬೆಳಗ್ಗೆ ಕನ್ನಡಿ ಮುಂದೆ ಕಣ್ಣು ಮುಚ್ಚಿ, ಎಡ ರೆಪ್ಪೆಯ ಸಂದಿ ಎಷ್ಟು ಉಳಿಯಿತು ಎಂದು ಅವ್ವನಿಂದ ಸ್ಕೇಲಿನಲ್ಲಿ ಅಳೆಸುತ್ತಿದ್ದೆ. ಅವ್ವನಿಗೆ ಅಂಕಿ ಗೊತ್ತಿಲ್ಲ. ಉಗುರಿಟ್ಟು ಗೆರೆ ತೋರಿಸುತ್ತಿದ್ದಳು. ಹದಿನಾರನೆಯ ದಿನ ಉಗುರಿಡಲು ಜಾಗ ಸಿಗಲಿಲ್ಲ. "ಮುಚ್ಕತು ಕಣೇ" ಎಂದಳು. ನಾನು ಆ ದಿನ ಕೊಟ್ಟಿಗೆಗೆ ಹೋಗಿ ಗೋಡೆ ನೋಡದೆ ಏಳು ಹೆಸರನ್ನೂ ಕರೆದೆ. ಕೆಂದ ಹಸು ತಿರುಗಿಯೂ ನೋಡಲಿಲ್ಲ.

ಅಜ್ಜಿ ಮಾತ್ರ ಮಂಕಾಗಿದ್ದಳು. ತನ್ನ ಕೆಮ್ಮಣ್ಣಿನಿಂದಲೇ ಇಷ್ಟೆಲ್ಲ ಆಯಿತೆಂದು ಯಾರೋ ಹೇಳಿದ್ದರು. ಮಣ್ಣಿನ ಗಂಟನ್ನು ತಿಪ್ಪೆಗೆ ಎಸೆಯಲು ಹೊರಟವಳನ್ನು ಕೂರಿಸಿ, ಕೆಮ್ಮಣ್ಣು ಏನೂ ಮಾಡಲಿಲ್ಲ, ಕೆಟ್ಟದ್ದೂ ಇಲ್ಲ ಒಳ್ಳೆಯದೂ ಇಲ್ಲ, ಬಾಯಿ ಮುಚ್ಚಿಕೊಂಡವಳು ನಾನು ಎಂದೆ. ನಾಲ್ಕು ದಿನದ ಮೇಲೆ ಹೆಂಗಸೊಬ್ಬಳು ತೋಳಿನ ಮೇಲಿನ ಕೆಂಪು ತೋರಿಸಲು ಬಂದಳು. ಅಜ್ಜಿ ನನ್ನನ್ನು ಕರೆದು ನೋಡಿಸಿ, ಆಮೇಲೆ ಆಕೆಗೆ, "ಗುಳ್ಳೆ ಇಲ್ಲ. ನೀನು ಬಸ್ ಹತ್ತವ್ವ" ಎಂದಳು. ಅದೇ ಬೇಸಿಗೆಯಲ್ಲಿ ಅಪ್ಪ ಕೊಟ್ಟಿಗೆಯನ್ನು ಹುಳದ ಮನೆಯಿಂದ ದೂರಕ್ಕೆ, ಕಣದ ಆಚೆಗೆ ಕಟ್ಟಿದ. ದನಕ್ಕೆ ಔಷಧಿ ಹಚ್ಚುವಂತಾಯಿತು.

ಪರೀಕ್ಷೆ ಬರೆದೆ. ಎರಡನೆಯ ಪೇಪರಿನಲ್ಲಿ ಒಂದು ಪದ ಬರಲೇ ಇಲ್ಲ. ಅದರಷ್ಟು ಜಾಗ ಬಿಟ್ಟು ಮುಂದೆ ಬರೆದೆ. ಮೊದಲಾಗಿದ್ದರೆ ಹೆದರಿ ನಡುಗುತ್ತಿದ್ದೆ. ಈಗ ಅದು ಯಾವ ದಾರಿಯಲ್ಲಿ ಬರುತ್ತದೋ ನೋಡೋಣ ಎನಿಸಿತು. ಬೆಲ್ ಹೊಡೆಯಲು ಐದು ನಿಮಿಷವಿರುವಾಗ, ಬೇರೇನೋ ಬರೆಯುತ್ತಿದ್ದಾಗ ಬಂತು. ಹಿಂದಕ್ಕೆ ಹೋಗಿ ತುಂಬಿದೆ.

ಪೂರ್ತಿ ವಾಸಿಯಾಯಿತು ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ದಣಿದಾಗ ಎಡಗಣ್ಣು ಒಸರುತ್ತದೆ. ನಕ್ಕರೆ ಬಲಗಡೆ ಮೊದಲು ನಗುತ್ತದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳಿಗೆ ಅದು ಅಭ್ಯಾಸವಾಗಿದೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇಂಥದು ಬಂದಿದ್ದರೆ ನಾನು ಹೇಳುವುದು ಇಷ್ಟೇ: ಡಾಕ್ಟರ ಮುಂದೆ ಕೂತಾಗ ಮನೆಯಲ್ಲಿ ಏನು ಹಚ್ಚಿದಿರಿ, ಏನು ಕುಡಿದಿರಿ, ಯಾರ ಹತ್ತಿರ ಕಟ್ಟಿಸಿಕೊಂಡಿರಿ, ಎಲ್ಲ ಹೇಳಿ. ನಗುವವರು ನಗಲಿ.

ಸರ್ಟಿಫಿಕೇಟ್ ಬಂದಿದೆ ಎಂದು ತಿಳಿದದ್ದು ಮುಂದಿನ ವರ್ಷ. ಕಾಲೇಜಿಗೆ ಅವ್ವನೂ ಬಂದಳು. ಅವಳು ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಫೀಸಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆವು. ನನ್ನ ಸರದಿ ಬಂದಾಗ ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ದಪ್ಪ ಕಾಗದವನ್ನು ಕಿಟಕಿಯ ಕಂಬಿಯಡಿ ತೂರಿಸಿ, "ಹೆಸರು ಸರಿಯಾಗಿದೆಯಾ ನೋಡ್ಕೊಳಮ್ಮ" ಎಂದರು. ಹೆಸರು ಸರಿಯಾಗಿತ್ತು. ಅದರ ಕೆಳಗೆ ದ್ವಿತೀಯ ದರ್ಜೆ ಎಂದಿತ್ತು. ಮೊದಲ ಎರಡು ವರ್ಷ ನನ್ನದು ಪ್ರಥಮ ದರ್ಜೆ. ಕಾರಿಡಾರಿನ ಕಟ್ಟೆಯ ಮೇಲೆ ಕೂತು ಅದನ್ನು ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡೂ ಅಂಗೈ ಮೇಲೆ ಹಿಡಿದುಕೊಂಡಳು.

"ಫಸ್ಟ್ ಕ್ಲಾಸ್ ಬರ್ಬೇಕಿತ್ತು ಕಣವ್ವ" ಎಂದೆ. "ಸ್ವಲ್ಪದರಲ್ಲಿ ಹೋಯ್ತು."

ಅವ್ವ ಕಾಗದದಿಂದ ಕಣ್ಣೆತ್ತಲಿಲ್ಲ.

"ಆಸ್ಪತ್ರೇಲಿ ನಿನ್ ಬೆನ್ನಿಗೆ ಸೂಜಿ ಹಾಕೋವಾಗ ನಾನು ಬಾಗ್ಲಾಚೆ ನಿಂತು ಒಂದೇ ಒಂದು ಕೇಳ್ಕಂಡೆ. ಎದ್ದು ಬಂದು ನನ್ನ ಅವ್ವ ಅಂತ ಗುರ್ತು ಹಿಡಿದ್ರೆ ಸಾಕು ಅಂತವ. ನಾನು ಕೇಳಿದ್ದು ಅಷ್ಟೇಯ" ಎಂದಳು. "ಇದು ಕೊಸರು."